ಮುಸ್ಸಂಜೆಯ ಬ್ಲೂಗಿಲ್: ಮನೆ ಪಕ್ಕದ ಹೊಂಡದಲ್ಲಿ ಫ್ಲೈ ಗಾಳ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ

ಈ ವರ್ಷದ ಗುರಿ ಒಂದೇ. ಸೂರ್ಯ ಮುಳುಗುವ ಮುಂಚಿನ ಮುಕ್ಕಾಲು ಗಂಟೆ, ಮುಳುಗಿದ ಮೇಲಿನ ಅರ್ಧ ಗಂಟೆ, ಇಷ್ಟರೊಳಗೆ ನಡೆದು ಹೋಗುವಷ್ಟು ಹತ್ತಿರದ ನೀರಿನಲ್ಲಿ ಅಂಗೈಗಿಂತ ದೊಡ್ಡ ಬ್ಲೂಗಿಲ್‌ಗಳನ್ನು (ಇಲ್ಲಿನ ಸಿಹಿನೀರಿನ ಸಣ್ಣ ಮೀನು) ಫ್ಲೈ ಗಾಳದಲ್ಲಿ ಹಿಡಿದು ವಾಪಸ್ ಬಿಡುವುದು. ಫ್ಲೈ ಎಂದರೆ ಕೊಕ್ಕೆಗೆ ಗರಿ, ತುಪ್ಪಳ, ಫೋಮ್ ಕಟ್ಟಿ ಮಾಡಿದ ಹುಳುವಿನ ನಕಲು. ಮೂರು ಇಂಚಿನ ಮರಿಗಳು ಯಾವ ಹೊತ್ತಿನಲ್ಲೂ ಯಾವ ಫ್ಲೈಗೂ ಬರುತ್ತವೆ. ಎಂಟು ಇಂಚಿನವು ಬರುವುದು ಫ್ಲೈ ಸುಮ್ಮನಿದ್ದಾಗ. ಈ ಐದು ತಿಂಗಳಲ್ಲಿ ಮಾಡಿದ ಬದಲಾವಣೆಗಳೆಲ್ಲ ಕೊನೆಗೆ ಈ ಒಂದು ವಿಷಯಕ್ಕೇ ಬಂದು ನಿಂತಿವೆ: ಫ್ಲೈ ನಿಧಾನ ಆಗಬೇಕು, ಲೈನ್ ಸಡಿಲ ಇರಬಾರದು.

ನೀರು

ಜಾಗ ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ–ಮಾರಿಸ್‌ವಿಲ್ ಭಾಗ. ಕನ್ನಡದವರು ಸಾಕಷ್ಟಿರುವ ಈ ಬಡಾವಣೆಗಳಲ್ಲಿ ಮಳೆನೀರು ಹಿಡಿದಿಡುವ ಹೊಂಡ ಎಲ್ಲೆಡೆ ಕಾಣುತ್ತದೆ. ಮೊದಲ ನೋಟಕ್ಕೆ ಎಲ್ಲವೂ ಒಂದೇ ಥರ, ಆದರೆ ಒಳಗಿನ ರಚನೆ ತಿಳಿದರೆ ಮೀನು ಎಲ್ಲಿದೆ ಎಂದು ಅರ್ಧ ತಿಳಿದಂತೆಯೇ. ದಂಡೆಯ ಸುತ್ತ ಆರು ಅಡಿ ಅಗಲದ, ಮೊಣಕಾಲು ಮುಳುಗದಷ್ಟು ಆಳದ ಮೆಟ್ಟಿಲು ಬಿಟ್ಟಿರುತ್ತಾರೆ; ಅದರ ತುಂಬ ಜೊಂಡು. ಮೆಟ್ಟಿಲು ಮುಗಿದಲ್ಲಿ ನೆಲ ಥಟ್ಟನೆ ಇಳಿಯುತ್ತದೆ. ಚರಂಡಿಯ ಕೊಳವೆ ಬಂದು ಬೀಳುವ ಕಡೆ ದಪ್ಪ ಕಲ್ಲು ಹಾಸಿರುತ್ತಾರೆ, ಹೂಳು ಕೂರಲೆಂದು ಅಲ್ಲಿಯೇ ಒಂದು ಸಣ್ಣ ಗುಂಡಿ. ಏರಿಯ ಕಡೆ ಕಾಂಕ್ರೀಟ್ ಪೆಟ್ಟಿಗೆಯ ತೂಬು. ಮುಸ್ಸಂಜೆಗೆ ಬೇಕಾದ ಜಾಗ ಎರಡೇ: ಮೆಟ್ಟಿಲು ಮುಗಿದು ಆಳ ಶುರುವಾಗುವ ಗೆರೆ, ಮತ್ತು ತೂಬಿನ ನೆರಳು.

ಹೊಂಡ ಬಡಾವಣೆಯ ಸಂಘದ್ದು. ಅವರ ಅನುಮತಿ ಕೇಳಿಯೇ ಇಳಿಯಬೇಕು. ಕೌಂಟಿ ಪಾರ್ಕ್‌ಗಳ ಗೇಟು ಸೂರ್ಯಾಸ್ತಕ್ಕೇ ಮುಚ್ಚುವುದರಿಂದ ಅಸಲಿ ಹೊತ್ತು ಅಲ್ಲಿ ಕೈತಪ್ಪುತ್ತದೆ. ಸಾರ್ವಜನಿಕ ಕೆರೆಗಳಲ್ಲಿ 16 ವರ್ಷ ತುಂಬಿದವರಿಗೆ ರಾಜ್ಯದ ಲೈಸೆನ್ಸ್ ಬೇಕು. ತಿನ್ನುವ ವಿಚಾರ: ಬೇಡ. ಮಳೆನೀರಿನ ಹೊಂಡಕ್ಕೆ ರಸ್ತೆಯ ಎಣ್ಣೆ, ಹುಲ್ಲಿಗೆ ಹೊಡೆದ ಔಷಧ ಎಲ್ಲವೂ ಹರಿದು ಬರುತ್ತದೆ. ಹತ್ತಿರದ ಲೇಕ್ ಕ್ರ್ಯಾಬ್‌ಟ್ರೀಯಲ್ಲಿ ಕೂಡ, ವಿಮಾನ ನಿಲ್ದಾಣದ ಕಡೆಯ ಹಳೆಯ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ಜಾಗದಿಂದ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಹರಿದು ಸೇರಿದ ಕಾರಣ, ಮೀನು ತಿನ್ನುವ ಬಗ್ಗೆ ಸರ್ಕಾರದ ಎಚ್ಚರಿಕೆ ಇದೆ.

ಸಾಮಾನು

4ನೇ ತೂಕದ, ಎಂಟು ಅಡಿಯ ರಾಡ್. ತೇಲುವ, ಮುಂಭಾಗ ದಪ್ಪನಾದ ಲೈನ್. ಎರೆಹುಳ ಸಿಕ್ಕಿಸಿ ಗಾಳ ಹಾಕಿದವರಿಗೆ ಮೊದಲು ಕಷ್ಟವಾಗುವುದು ಇಲ್ಲೇ: ಫ್ಲೈಗೆ ತೂಕವೇ ಇಲ್ಲ, ಹಾರುವುದು ಲೈನ್. 4ನೇ ತೂಕ ಎಂದರೆ ಲೈನಿನ ಮೊದಲ 30 ಅಡಿ 120 ಗ್ರೇನ್, ಎಂಟು ಗ್ರಾಮಿಗೆ ತುಸು ಕಡಿಮೆ. 3ನೇ ತೂಕದಲ್ಲಿ ಮೀನಿನ ಸೆಳೆತ ಚೆನ್ನಾಗಿ ತಿಳಿಯುತ್ತದೆ, ಆದರೆ ಗಾಳಿಗೆ ತಡೆಯೊಡ್ಡುವ ಫೋಮ್ ಫ್ಲೈಯನ್ನು ಅದು ಕೊನೆಯವರೆಗೆ ತಳ್ಳುವುದಿಲ್ಲ. ಲೈನಿಗೂ ಫ್ಲೈಗೂ ನಡುವಿನ ತೆಳು ದಾರ, ಅಂದರೆ ಲೀಡರ್, ಗುಪ್ಪೆಯಾಗಿ ಬೀಳುತ್ತದೆ. ಮನೆಯಲ್ಲಿ 5ನೇ ತೂಕದ್ದು ಇದ್ದರೆ ಹೊಸದು ಕೊಳ್ಳುವ ಅಗತ್ಯವಿಲ್ಲ.

ಲೀಡರ್ ಏಳೂವರೆ ಅಡಿ, ತುದಿ 4ಎಕ್ಸ್. ಎಕ್ಸ್ ಸಂಖ್ಯೆಯನ್ನು 11ರಿಂದ ಕಳೆದರೆ ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ ಸಿಗುತ್ತದೆ: 4ಎಕ್ಸ್ ಎಂದರೆ 0.007 ಇಂಚು, 0.18 ಮಿ.ಮೀ. ಬ್ಲೂಗಿಲ್‌ಗೆ ಇಷ್ಟು ಶಕ್ತಿಯ ದಾರ ಬೇಕಾಗಿಲ್ಲ. ಆದರೆ 6ಎಕ್ಸ್ ಕಟ್ಟಿದರೆ ಫೋಮ್ ಫ್ಲೈ ಹಾರುವಾಗ ಗಿರಗಿರ ತಿರುಗಿ ದಾರವನ್ನು ಹುರಿ ಮಾಡಿಬಿಡುತ್ತದೆ. ಜೊಂಡಿಗೆ ಸಿಕ್ಕಿದ ಫ್ಲೈ ವಾಪಸ್ ಬರುವುದೂ ಇಲ್ಲ.

ಸೊಳ್ಳೆಯ ಔಷಧದ ಬಗ್ಗೆ ಒಂದು ಮಾತು ಇಲ್ಲಿಯೇ. ಡೀಟ್ ಇರುವ ಔಷಧ ಪ್ಲಾಸ್ಟಿಕ್ ಕರಗಿಸುತ್ತದೆ. ಅದು ಮೆತ್ತಿದ ಬೆರಳಿನಲ್ಲಿ ಲೈನ್ ಹಿಡಿದರೆ ಮೇಲ್ಪದರ ಅಂಟಂಟಾಗಿ ಆಮೇಲೆ ಬಿರುಕು ಬಿಡುತ್ತದೆ. ಪಿಕಾರಿಡಿನ್ ಇರುವುದನ್ನು ಕೊಂಡರೆ ಈ ತೊಂದರೆ ಇಲ್ಲ.

ಏಪ್ರಿಲ್

ನೀರು 60 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ತೇಲುವ ಫ್ಲೈಗೆ ಇದು ಕಾಲವಲ್ಲ. ಮೀನು ಮೆಟ್ಟಿಲಿನ ಆಚೆ, ಮೂರು-ನಾಲ್ಕು ಅಡಿ ಆಳದಲ್ಲಿ. ಕೆಲಸಕ್ಕೆ ಬಂದದ್ದು 12ನೇ ನಂಬರಿನ (ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು) ಮೊಲದ ತುಪ್ಪಳದ ನಿಂಫ್, ಅಂದರೆ ನೀರೊಳಗಿನ ಮರಿಹುಳುವಿನಂಥ ಮುಳುಗುವ ಫ್ಲೈ, ಭಾರದ ಮಣಿಯಿಲ್ಲದ್ದು. ಹಾಕಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಎರಡಿಂಚು ಎಳೆದು ಮತ್ತೆ ಬಿಡುವುದು. ಕಚ್ಚಿದ್ದು ಕೈಗೆ ಗೊತ್ತಾಗುವುದಿಲ್ಲ. ಲೈನ್ ಮತ್ತು ಲೀಡರ್ ಸೇರುವ ಗಂಟು ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಆ ಗಂಟಿಗೆ ಕಿತ್ತಳೆ ಬಣ್ಣ ಹಚ್ಚಿದ್ದು ಈ ತಿಂಗಳ ದೊಡ್ಡ ಸುಧಾರಣೆ.

ಮೇ

ನೀರು 70 ಡಿಗ್ರಿ ಹತ್ತಿರ ಬಂದೊಡನೆ ಗೂಡುಗಳು ಎದ್ದವು. ಕಲ್ಲುಹಾಸಿನ ಪಕ್ಕ, ಹೂಳಿಲ್ಲದ ಗಟ್ಟಿ ನೆಲದಲ್ಲಿ, ಎರಡು-ಮೂರು ಅಡಿ ನೀರಿನೊಳಗೆ, ತಟ್ಟೆಯಗಲದ ಬಿಳಿಚು ಗುಳಿಗಳು ಒಂದಕ್ಕೊಂದು ಒತ್ತಿಕೊಂಡಂತೆ. ಗಂಡು ಬಾಲ ಬೀಸಿ ಗುಳಿ ತೋಡಿ, ಮೊಟ್ಟೆ ಒಡೆಯುವವರೆಗೆ ಮತ್ತು ಮರಿ ಚದುರುವವರೆಗೆ ಕಾಯುತ್ತದೆ. ಗೂಡಿನ ಮೇಲೆ ಏನು ಬಿದ್ದರೂ ಬಾಯಿ ಹಾಕುತ್ತದೆ. ಹಿಡಿಯುವುದು ಅತಿ ಸುಲಭ. ಅದಕ್ಕೇ ಅಲ್ಲಿ ಗಾಳ ಹಾಕಬಾರದು ಎಂಬುದು ನಮ್ಮ ನಿಲುವು. ಕಾವಲಿನ ಗಂಡನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿದರೂ ಸಾಕು, ಪಕ್ಕದಲ್ಲೇ ಹೊಂಚು ಹಾಕಿರುವ ಸಣ್ಣವು ನುಗ್ಗಿ ಮೊಟ್ಟೆ ಖಾಲಿ ಮಾಡುತ್ತವೆ. ಇಷ್ಟು ಸಣ್ಣ ಹೊಂಡದಲ್ಲಿ ದೊಡ್ಡ ಗಂಡುಗಳು ಇರುವುದೇ ಕೆಲವು. ಗೂಡಿನ ಸಾಲಿನಿಂದ ಹತ್ತು-ಹನ್ನೆರಡು ಅಡಿ ಆಚೆ, ಆಳದ ಕಡೆ ಹಾಕಿದರೆ ಕಾವಲಿಲ್ಲದ ಮೀನುಗಳು ಸಿಗುತ್ತವೆ, ಅವೂ ದೊಡ್ಡವೇ.

ಜೂನ್: ಫೋಮ್ ಜೇಡ

ಅಂಗಡಿಯ ಪಾಪರ್‌ಗಳನ್ನು (ಎಳೆದಾಗ ಸದ್ದು ಮಾಡುವ ತೇಲುವ ಫ್ಲೈ) ಪೂರ್ತಿ ಬಿಟ್ಟದ್ದು ಈ ತಿಂಗಳು. ಅವು ಬಿದ್ದಾಗ ಸದ್ದು ಹೆಚ್ಚು, ಮತ್ತು ಮುಖ ಅಗಲ. ಬ್ಲೂಗಿಲ್‌ನ ಬಾಯಿ ಸಣ್ಣದು. ಅದು ಕಚ್ಚುವುದಿಲ್ಲ, ನೀರಿನ ಸಮೇತ ಒಳಗೆ ಹೀರುತ್ತದೆ. ಹೀರಿದಾಗ ಕೊಕ್ಕೆ ಒಳಗೆ ಹೋಗದಿದ್ದರೆ ಸದ್ದಷ್ಟೇ ಉಳಿಯುವುದು.

ಈಗ ಕಟ್ಟುವುದು ಹೀಗೆ. ಕೊಕ್ಕೆ 10ನೇ ನಂಬರ್, ಮುಳ್ಳನ್ನು ಮೊದಲೇ ಚಪ್ಪಟೆ ಮಾಡಿದ್ದು. ದಾರ 140 ಡೆನಿಯರ್ (ದಾರದ ದಪ್ಪದ ಅಳತೆ). ತೆಳು ದಾರ ಬೇಡ, ಅದು ಫೋಮನ್ನು ಬ್ಲೇಡಿನಂತೆ ಕತ್ತರಿಸುತ್ತದೆ. ಕೊಕ್ಕೆಯ ಕಣ್ಣಿನ (ದಾರ ಕಟ್ಟುವ ಉಂಗುರ) ಹಿಂದಿನಿಂದ ಬಾಗಿನವರೆಗೆ ಒತ್ತೊತ್ತಾಗಿ ದಾರ ಸುತ್ತಿ, ಒಂದು ಹನಿ ಸೂಪರ್‌ಗ್ಲೂ. ಈ ತಳಪಾಯ ತಪ್ಪಿಸಿದರೆ ಎರಡನೇ ಮೀನಿಗೇ ಫೋಮ್ ಕೊಕ್ಕೆಯ ಸುತ್ತ ತಿರುಗಿ ಕೆಳಗಾಗುತ್ತದೆ. ಎರಡು ಮಿ.ಮೀ. ದಪ್ಪದ ಕಪ್ಪು ಕರಕುಶಲ ಫೋಮನ್ನು ಐದು ಮಿ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿ, ತುದಿಯನ್ನು ಚೂಪು ಮಾಡಿ, ಬಾಗಿನ ಹತ್ತಿರ ಕಟ್ಟಬೇಕು. ಮೊದಲ ಎರಡು ಸುತ್ತು ಸಡಿಲ, ಮೂರನೆಯದರಿಂದ ಬಿಗಿ. ಹೊಟ್ಟೆಗೆ ನವಿಲುಗರಿಯ ಮೂರು ಎಳೆ. ಆಮೇಲೆ ಫೋಮನ್ನು ಬೆನ್ನ ಮೇಲಿಂದ ಮುಂದಕ್ಕೆ ಮಡಚಿ, ಕಣ್ಣಿನಿಂದ ಮೂರು ಮಿ.ಮೀ. ಹಿಂದೆ ಕಟ್ಟುವುದು. ಮಡಚುವಾಗ ಎಳೆಯಬಾರದು. ಎಳೆದ ಫೋಮ್ ತೆಳ್ಳಗಾಗುತ್ತದೆ, ಒಳಗಿನ ಗಾಳಿಯ ಗುಳ್ಳೆಗಳು ಒತ್ತಿಹೋಗಿ ಫ್ಲೈ ಅರ್ಧ ಮುಳುಗಿಯೇ ಕೂರುತ್ತದೆ.

ಕಾಲಿಗೆ ಮಧ್ಯಮ ದಪ್ಪದ ರಬ್ಬರ್ ಎಳೆ, ಒಂದೊಂದು ಪಕ್ಕಕ್ಕೆ ಒಂದನ್ನು ನಡುವಿನಲ್ಲಿ ಕಟ್ಟಿದರೆ ನಾಲ್ಕು ಕಾಲಾಗುತ್ತದೆ. ಪ್ರತಿ ಕಾಲೂ ಒಂದು ಸೆಂ.ಮೀ. ಮಾತ್ರ. ಜೂನ್ ಮೊದಲ ವಾರ ಎರಡು ಸೆಂ.ಮೀ. ಬಿಟ್ಟು ಕಟ್ಟಿದವು ನೀರಿನಲ್ಲಿ ನೋಡಲು ಬಲು ಚೆಂದ, ಆದರೆ ಮೀನು ಕಾಲಿನ ತುದಿ ಹಿಡಿದು ಜಗ್ಗಿ ಬಿಟ್ಟುಬಿಡುತ್ತಿತ್ತು. ಕತ್ತರಿ ಹಾಕಿದ ಮೇಲೆ ಅದೇ ಫ್ಲೈಗಳು ಸರಿಯಾದವು. ಕೊನೆಗೆ ಬೆನ್ನ ಮೇಲೆ ಹಳದಿ ಅಥವಾ ಬಿಳಿ ಫೋಮಿನ ಸಣ್ಣ ಚೂರು. ಇದು ಮೀನಿಗಲ್ಲ, ನಮ್ಮ ಕಣ್ಣಿಗೆ. ಎಂಟೂವರೆ ಆದಮೇಲೆ ಇದಿಲ್ಲದೆ ಫ್ಲೈ ಕಾಣುವುದಿಲ್ಲ. ಮುಗಿಸುವ ಮುಂಚೆ ಕೊಕ್ಕೆಯ ತುದಿಗೂ ಹೊಟ್ಟೆಗೂ ನಡುವೆ ಜಾಗ ಉಳಿದಿದೆಯೇ ನೋಡಬೇಕು. ನವಿಲುಗರಿ ದಪ್ಪಗೆ ಸುತ್ತಿ ಆ ಜಾಗ ಮುಚ್ಚಿದರೆ ಸಿಕ್ಕ ಮೀನಿಗಿಂತ ತಪ್ಪಿದ್ದೇ ಹೆಚ್ಚಾಗುತ್ತದೆ.

ಜೂನ್ ಕೊನೆ: ಬೆಳಕಿನ ಲೆಕ್ಕ

ಪಕ್ಕದ ರಾಲಿ ನಗರದ ಸುತ್ತ ಈಗ ಸೂರ್ಯಾಸ್ತ 8:35ರ ಹತ್ತಿರ, ಅದಾದ ಮೇಲೆ ಕೆಲಸಕ್ಕೆ ಬರುವ ಬೆಳಕು ಸುಮಾರು ಅರ್ಧ ಗಂಟೆ. ಈ ಹೊತ್ತನ್ನು ಒಂದೇ ಎಂದು ನೋಡಿದರೆ ಆಗದು.

ಬಿಸಿಲು ಇನ್ನೂ ಮರದ ತುದಿಯಲ್ಲಿರುವಾಗ ದೊಡ್ಡ ಮೀನು ಆಳದ ಗೆರೆಯಾಚೆಗೇ ಇರುತ್ತದೆ, ಆಗ ನಿಂಫ್. ನೀರಿನ ಮೇಲೆ ನೆರಳು ಪೂರ್ತಿ ಬಿದ್ದು, ಗಾಳಿ ನಿಂತಾಗ ಅವು ಮೆಟ್ಟಿಲಿನ ಅಂಚಿಗೆ ಏರುತ್ತವೆ. ಹಗಲಿಡೀ ಕೆಳಗಿದ್ದ ಡಾಫ್ನಿಯಾ ಎಂಬ ನೀರಿನ ಪುಟ್ಟ ಜೀವಿಗಳು ಕತ್ತಲಾಗುತ್ತ ಮೇಲಕ್ಕೆ ಬರುತ್ತವೆ, ಕೆಸರಿನಿಂದ ಸೊಳ್ಳೆಯಂಥ ಮಿಡ್ಜ್ ಹುಳುಗಳೂ ಏಳುತ್ತವೆ. ಫೋಮ್ ಜೇಡಕ್ಕೆ ಇದೇ ಸಮಯ. ಕೊನೆಯ ಹತ್ತು ನಿಮಿಷದಲ್ಲಿ ಬ್ಲೂಗಿಲ್ ಥಟ್ಟನೆ ತಿನ್ನುವುದನ್ನು ನಿಲ್ಲಿಸುತ್ತದೆ, ಅದು ಕಣ್ಣಿಂದ ಬೇಟೆಯಾಡುವ ಮೀನು. ಅದರಾಚೆಗೆ ಬೀಸುತ್ತ ನಿಲ್ಲುವುದು ವ್ಯರ್ಥ.

ಫ್ಲೈ ಬಿದ್ದ ಮೇಲೆ ಅಲೆಯ ಉಂಗುರ ಪೂರ್ತಿ ಅಡಗುವವರೆಗೆ ಕೈ ಆಡಿಸಬಾರದು. ಆಮೇಲೂ ಹತ್ತು ಎಣಿಸಬೇಕು. ದೊಡ್ಡ ಬ್ಲೂಗಿಲ್ ಬಂದು, ಫ್ಲೈಯಿಂದ ಎರಡಿಂಚು ಕೆಳಗೆ ನಿಂತು, ಕಿವಿರು ಆಡಿಸುತ್ತ ನೋಡುತ್ತದೆ. ಆ ಕ್ಷಣದಲ್ಲಿ ಎಳೆದರೆ ತಿರುಗಿ ಹೋಗುತ್ತದೆ, ಅದರ ಜಾಗಕ್ಕೆ ಮರಿ ನುಗ್ಗುತ್ತದೆ. ಎಣಿಕೆ ಮುಗಿದರೂ ಏನೂ ಆಗದಿದ್ದರೆ ಫ್ಲೈಯ ಕಾಲು ನಡುಗುವಷ್ಟು ಮಾತ್ರ ಲೈನ್ ಬಿಗಿ ಮಾಡುವುದು.

ಕಚ್ಚಿದಾಗ ರಾಡ್ ಎತ್ತುವುದಲ್ಲ, ಎಡಗೈಯಿಂದ ಲೈನನ್ನು ಒಂದು ಗೇಣು ಎಳೆಯುವುದು. ರಾಡಿನ ತುದಿ ನೀರಿಗೆ ತಾಗಿಯೇ ಇರಬೇಕು. ತುದಿ ಎರಡಡಿ ಮೇಲಿದ್ದರೆ ಅಲ್ಲಿಂದ ನೀರಿಗೆ ಜೋಲುವ ಲೈನೇ ಸಡಿಲ. ಎಳೆದದ್ದೆಲ್ಲ ಆ ಸಡಿಲಕ್ಕೇ ಹೋಗುತ್ತದೆ. ಎಳೆದೂ ತಪ್ಪಿದರೆ ಫ್ಲೈ ಅಲ್ಲೇ ಇರುತ್ತದೆ, ಅದೇ ಮೀನು ಇನ್ನೊಮ್ಮೆ ಬರಬಹುದು. ರಾಡ್ ಎತ್ತಿದರೆ ಫ್ಲೈ ಹಿಂದಿನ ಮರದಲ್ಲಿ.

ಮರದ ಮಾತು ಬಂದದ್ದರಿಂದ: ಏರಿಯ ಹಿಂದೆ ಪೈನ್ ಮರಗಳಿದ್ದಲ್ಲಿ ತಲೆ ಮೇಲಿಂದ ಬೀಸದೆ, ನೀರಿನ ಮೇಲೆಯೇ ಲೈನ್ ಉರುಳಿಸಿ ಎಸೆಯುವುದು ಸಾಕು. ರಾಡನ್ನು ನಿಧಾನ ಹಿಂದಕ್ಕೆ ತಂದು, ಭುಜದ ಹಿಂದೆ ಲೈನ್ ಬಿಲ್ಲಿನಂತೆ ಜೋಲಿದ ಮೇಲೆ ನಿಂತು, ಆಮೇಲೆ ಮುಂದಕ್ಕೆ ಚುರುಕಾಗಿ ಬಡಿದು ನಿಲ್ಲಿಸಬೇಕು. ಆ ನಿಲುಗಡೆ ತಪ್ಪಿಸಿದರೆ ನೀರಿನ ಹಿಡಿತ ಸಿಗದೆ ಲೈನ್ ಕಾಲ ಬುಡದಲ್ಲೇ ಬೀಳುತ್ತದೆ. ಇಪ್ಪತ್ತೈದು ಅಡಿ ಹೋದರೆ ಆಯಿತು, ಮೀನು ಅದಕ್ಕಿಂತ ಹತ್ತಿರವೇ ಇದೆ.

ಜುಲೈ

ಮಳೆ ಬಂದು ನಿಂತ ಸಂಜೆ ರೆಕ್ಕೆ ಇರುವೆಗಳು ಎದ್ದರೆ, ಊರಲ್ಲಿ ಮೊದಲ ಮಳೆಗೆ ಈಸಲು ಏಳುವ ಹಾಗೆ, ಹೊಂಡದ ಮೇಲೆಲ್ಲ ಉದುರುತ್ತವೆ. ಆಗ ಮೀನು 10ನೇ ನಂಬರನ್ನು ಮುಟ್ಟುವುದೂ ಇಲ್ಲ. 14ನೇ ನಂಬರಿನ ಕಪ್ಪು ಇರುವೆ ಬೇಕು. ಆದರೆ ಗುಡುಗು ಕೇಳಿಸಿದರೆ ಹೊಂಡ ಬಿಟ್ಟು ಹೊರಡಬೇಕು, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ವಾಪಸ್ ಬರಬಾರದು. ಗ್ರಾಫೈಟ್ ರಾಡ್ ವಿದ್ಯುತ್ ಹರಿಯಲು ಬಿಡುತ್ತದೆ.

ಕತ್ತಲಲ್ಲಿ ಗಂಟು ಹಾಕುವ ಕೆಲಸ ಪೂರ್ತಿ ನಿಂತಿದೆ. ಫ್ಲೈ ಕಟ್ಟಿದ ಮೂರು ಟಿಪೆಟ್ (ಲೀಡರ್ ತುದಿಯ ತೆಳು ದಾರ) ತುಂಡುಗಳನ್ನು, ಇನ್ನೊಂದು ತುದಿಗೆ ಕುಣಿಕೆ ಹಾಕಿ, ಈಜುಕೊಳದ ಫೋಮ್ ಕೋಲಿನ ಚೂರಿಗೆ ಸುತ್ತಿ ಒಯ್ಯುವುದು. ಲೀಡರ್ ತುದಿಯ ಕುಣಿಕೆಗೆ ಸಿಕ್ಕಿಸಿದರೆ ಬದಲಾಯಿತು. ತಲೆದೀಪ ಕೆಂಪು ಬೆಳಕಿನದು, ಅದೂ ನೀರಿಗೆ ಬೆನ್ನು ಹಾಕಿ. ವಾಪಸ್ ನಡೆಯುವಾಗ ಮಾತ್ರ ಬಿಳಿ ಬೆಳಕು, ನೆಲದ ಮೇಲೆ, ಕಡ್ಡಾಯವಾಗಿ. ಇಲ್ಲಿ ಕಾಪರ್‌ಹೆಡ್ ಹಾವು ಸಾಮಾನ್ಯ, ಸೆಕೆಯ ಸಂಜೆಗಳಲ್ಲೇ ಅದರ ಓಡಾಟ, ಒಣ ಎಲೆಯ ಮೇಲೆ ಕಣ್ಣಿಗೆ ಬೀಳುವುದೇ ಇಲ್ಲ. ಚಪ್ಪಲಿಯಲ್ಲಿ ಹೋಗಬೇಡಿ.

ಹಿಡಿದ ಮೀನಿನ ಬೆನ್ನ ಮೇಲೆ ಹತ್ತು ಮುಳ್ಳು. ಕೈ ಒದ್ದೆ ಮಾಡಿ, ತಲೆಯಿಂದ ಬಾಲದ ಕಡೆ ಸವರಿದರೆ ಮಡಚಿಕೊಳ್ಳುತ್ತವೆ. ಒಣ ಕೈ ಅದರ ಲೋಳೆ ಕೀಳುತ್ತದೆ.

ಆಗಸ್ಟ್

ಮೇಲಿನ ನೀರು 85 ಡಿಗ್ರಿ ದಾಟಿದೆ, ಫೋಮ್ ಜೇಡಕ್ಕೆ ಬರುವುದು ಮರಿಗಳೇ. ಅದರ ಕೊಕ್ಕೆಯ ಬಾಗಿಗೆ ಎರಡಡಿ ಟಿಪೆಟ್ ಕಟ್ಟಿ, ಕೆಳಗೆ 14ನೇ ನಂಬರಿನ ನಿಂಫ್, 2.4 ಮಿ.ಮೀ. ಹಿತ್ತಾಳೆ ಮಣಿಯದು, ತೂಗುಬಿಟ್ಟಾಗ ದೊಡ್ಡವು ಮತ್ತೆ ಸಿಕ್ಕವು. ಟಂಗ್‌ಸ್ಟನ್ ಮಣಿ ಹಾಕಿದರೆ ಜೇಡವೇ ಮುಳುಗುತ್ತದೆ. ಜೇಡ ಒಂದಿಷ್ಟು ಪಕ್ಕಕ್ಕೆ ಜರುಗಿದರೂ ಎಳೆಯಬೇಕು.

ಪಾಚಿಗೆ ತಾಮ್ರದ ಔಷಧ ಹೊಡೆದ ವಾರ ಹೊಂಡಕ್ಕೆ ಹೋಗದಿರುವುದು ಒಳ್ಳೆಯದು. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ, ಆಗ ಗಾಳಕ್ಕೆ ಸಿಕ್ಕಿ ದಣಿದ ಮೀನು ಬಿಟ್ಟರೂ ಬದುಕುವುದು ಅನುಮಾನ.

ಮುಂದಿನ ಕೆಲಸ ಸೆಪ್ಟೆಂಬರಿಗೆ. ತೂಬಿನ ಪಕ್ಕ ಬ್ಲೂಗಿಲ್ ತಿನ್ನುವುದನ್ನು ನಿಲ್ಲಿಸಿದ ಮೇಲೂ ಕೆಲವು ಕ್ರಾಪಿಗಳು (ಬ್ಲೂಗಿಲ್ ಜಾತಿಯದೇ ಇನ್ನೊಂದು ಮೀನು) ಮೇಲಕ್ಕೆ ಬರುತ್ತಿವೆ. ಮಂದ ಬೆಳಕಿನಲ್ಲಿ ಅವು ಬ್ಲೂಗಿಲ್‌ಗಿಂತ ಚೆನ್ನಾಗಿ ಬೇಟೆಯಾಡುತ್ತವೆ. ಅವಕ್ಕೆಂದು 10ನೇ ನಂಬರಿನಲ್ಲಿ ಬಿಳಿ ಮರಬೂ (ಮೆತ್ತನೆಯ ಗರಿ) ಬಾಲದ, ತೂಕವಿಲ್ಲದ ಫ್ಲೈಗಳನ್ನು ಕಟ್ಟುತ್ತಿದ್ದೇವೆ. ಕ್ರಾಪಿ ಮೇಲೆ ನೋಡುತ್ತ ತಿನ್ನುವ ಮೀನು, ಆದ್ದರಿಂದ ಫ್ಲೈ ಅದರ ತಲೆಗಿಂತ ಒಂದಡಿ ಮೇಲೆ ಹಾಯಬೇಕು. ತುಟಿಯ ಪೊರೆ ಕಾಗದದಷ್ಟು ತೆಳು; ಬ್ಲೂಗಿಲ್‌ಗೆ ಎಳೆಯುವ ಗೇಣು ಅದಕ್ಕೆ ಹೆಚ್ಚಾಗಿ ಹರಿಯುತ್ತದೆ, ಲೈನ್ ಬಿಗಿಯಾದರೆ ಸಾಕು.