ಎಫ್‌ಡಿಗೆ ರಕ್ತ ಯಾಕೆ ತೆಗೆದರು?

ನೀರು ತುಂಬುವ ಹಬ್ಬದ ಸಂಜೆ ನಾನು ಊರಿಗೆ ಬಂದು ಇಳಿದಾಗ ಅಂಗಳದಲ್ಲಿ ಅಡಿಕೆ ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಕೂತಾಗಿತ್ತು. ಬಚ್ಚಲ ಹಂಡೆ ತೊಳೆದು, ಬಳ್ಳಿ ಸುತ್ತಿ, ನೀರು ತುಂಬಿ ಆದ ಮೇಲೆ ಅಪ್ಪಯ್ಯ ಬೀರುವಿನಿಂದ ಒಂದು ದಪ್ಪ ಕವರ್ ತಂದು ನನ್ನ ಕೈಯಲ್ಲಿಟ್ಟರು. "ಬ್ಯಾಂಕಿನವರು ಕಳಿಸಿದ್ದು, ಎಫ್‌ಡಿ ಬಾಂಡು. ಸ್ವಲ್ಪ ನೋಡು ಮಗಾ, ನನಗೆ ಅರ್ಥ ಆಗೋದು ಒಂದಕ್ಷರ ಇಲ್ಲ ಅದ್ರಲ್ಲಿ."

ಎಫ್‌ಡಿ ರಸೀದಿ ಅಂದರೆ ಒಂದು ಹಾಳೆ. ಇದರಲ್ಲಿ ಮೂವತ್ತಕ್ಕೂ ಹೆಚ್ಚು ಹಾಳೆಗಳಿದ್ದವು. ಎರಡನೇ ಪುಟದಲ್ಲಿ ಒಂದು ಕೋಷ್ಟಕ. ಪ್ರೀಮಿಯಂ 3,00,000 ರೂಪಾಯಿ. ಕಟ್ಟುವ ಕ್ರಮ: ವರ್ಷಕ್ಕೊಮ್ಮೆ. ಕಟ್ಟಬೇಕಾದ ಅವಧಿ: 10 ವರ್ಷ. ಸಮ್ ಅಶೂರ್ಡ್, ಅಂದರೆ ವಿಮೆಯ ಮೊತ್ತ, 21,00,000. ನಾನು ಅದನ್ನು ಎರಡು ಸಲ ಓದಿದೆ. ಅಪ್ಪಯ್ಯನಿಗೆ 64 ವರ್ಷ. 74ನೇ ವಯಸ್ಸಿನ ಹತ್ತಿರ ಬರುವ ತನಕ ವರ್ಷ ವರ್ಷ ಮೂರು ಲಕ್ಷ ಕಟ್ಟುತ್ತೇನೆ ಅಂತ ಅವರು ಸಹಿ ಹಾಕಿ ಬಂದಿದ್ದರು. ಅದು ಎಫ್‌ಡಿ ಅಲ್ಲ, ಯೂಲಿಪ್. ಕಟ್ಟಿದ ದುಡ್ಡಿನಲ್ಲಿ ಒಂದು ಭಾಗ ವಿಮೆಗೆ, ಉಳಿದದ್ದು ಷೇರುಪೇಟೆಯಂಥ ಕಡೆ ಹೂಡಿಕೆಗೆ.

ಕೇಳಿದರೆ ಅವರು ಹೇಳಿದ್ದಿಷ್ಟು. ಅಡಿಕೆ ದುಡ್ಡಿನ ಮೂರು ಲಕ್ಷದ ಎಫ್‌ಡಿ ಅವಧಿ ಮುಗಿದಿತ್ತು. ಮತ್ತೆ ಇಡೋಣ ಅಂತ ಹೋದಾಗ ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, "ಇದೂ ಎಫ್‌ಡಿ ಥರಾನೇ, ಜಾಸ್ತಿ ಬರುತ್ತೆ, ಮೇಲಿಂದ ಇನ್ಶೂರೆನ್ಸ್ ಫ್ರೀ" ಅಂದರಂತೆ. ಒಂದು ಫೋನ್ ಬರುತ್ತೆ, ಎಲ್ಲದಕ್ಕೂ ಹೌದು ಅನ್ನಿ ಅಂದಿದ್ದರಂತೆ. ಫೋನ್ ಬಂತು, ಹೌದು ಅಂದರು. ಆಮೇಲೆ ಒಬ್ಬ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ.

"ರಕ್ತ ಯಾಕೆ ಅಂತ ಕೇಳಲಿಲ್ವಾ?"

"ವಯಸ್ಸಾದವರಿಗೆ ಬ್ಯಾಂಕಿನವರು ಮಾಡಿಸ್ತಾರೇನೋ ಅಂದ್ಕೊಂಡೆ."

ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಶಿವಮೊಗ್ಗದ ಮಂಡಿಯಲ್ಲಿ ಇದೇ ಅಪ್ಪಯ್ಯನ ಎದುರು ಯಾರೂ ಒಂದು ಕೆಜಿ ತೂಕ ಆಚೆ ಈಚೆ ಮಾಡುವ ಹಾಗಿಲ್ಲ. ರಾಶಿ ಇಡಿ, ಬೆಟ್ಟೆ, ಗೊರಬಲು, ಸರಕು ಅಂತ ಮುಷ್ಟಿಯಲ್ಲಿ ಹಿಡಿದು ನೋಡಿ ಹೇಳುತ್ತಾರೆ. ಕಮಿಷನ್ ಎಷ್ಟು, ಹಮಾಲಿ ಎಷ್ಟು, ಪಟ್ಟಿಯಲ್ಲಿ ಯಾವುದಕ್ಕೆ ಎಷ್ಟು ಮುರಿದಿದ್ದಾರೆ ಅಂತ ಸಾಲು ಸಾಲಾಗಿ ಕೇಳುತ್ತಾರೆ. ಅಲ್ಲಿನ ಮಾತು ಅವರದು. ಬ್ಯಾಂಕಿನ ಮೇಜಿನ ಮುಂದೆ ಮಾತು ಅವರದಲ್ಲ, ಹಾಗಾಗಿ ಪ್ರಶ್ನೆಯೂ ಹುಟ್ಟಲಿಲ್ಲ. ಅವರು ದಡ್ಡರಾಗಿ ಸಹಿ ಹಾಕಿದ್ದಲ್ಲ. ಎದುರಿಗಿದ್ದವರಿಗೆ ಪ್ರೀಮಿಯಂ ಅನ್ನುವ ಪದದ ಅರ್ಥ ಗೊತ್ತಿತ್ತು, ಇವರಿಗೆ ಗೊತ್ತಿರಲಿಲ್ಲ. ಅದನ್ನು ಬಿಡಿಸಿ ಹೇಳುವುದು ಅವರ ಕೆಲಸವಾಗಿತ್ತು. ಹೇಳಲಿಲ್ಲ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಹಾಳೆ ತಿರುವುತ್ತಾ ಹೋದಾಗ ನಾನು ಹುಡುಕುತ್ತಿದ್ದ ಪದ ಸಿಕ್ಕಿತು: ಫ್ರೀ ಲುಕ್. ಪಾಲಿಸಿ ಪತ್ರ ಕೈಗೆ ಬಂದ ದಿನದಿಂದ 30 ದಿನದೊಳಗೆ "ನನಗೆ ಇದು ಬೇಡ" ಅಂತ ಬರೆದುಕೊಟ್ಟರೆ ವಾಪಸ್ ತೆಗೆದುಕೊಳ್ಳಲೇಬೇಕು. ಸ್ಟ್ಯಾಂಪ್ ಶುಲ್ಕ, ವೈದ್ಯಕೀಯ ಪರೀಕ್ಷೆಯ ಖರ್ಚು, ಅಷ್ಟು ದಿನದ ವಿಮೆಯ ಬಾಬ್ತು ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ಯೂಲಿಪ್ ಆದ್ದರಿಂದ ಪೇಟೆಯ ಏರಿಳಿತವೂ ಅದಕ್ಕೆ ಸೇರುತ್ತದೆ. ಆ 30 ದಿನ ದಾಟಿತೋ, ಐದು ವರ್ಷದ ಲಾಕ್-ಇನ್. ಮುಂದಿನ ವರ್ಷ ಕಟ್ಟದೆ ಬಿಟ್ಟರೂ ದುಡ್ಡು ಕೈಗೆ ಬರುವುದು ಐದು ವರ್ಷ ಕಳೆದ ಮೇಲೆಯೇ.

"ಈ ಕವರ್ ಯಾವತ್ತು ಬಂತು?"

ಅಪ್ಪಯ್ಯ ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ತಿರುವಿದರು. ಹಾಲಿನ ಲೆಕ್ಕ, ಆಳಿನ ಲೆಕ್ಕ, ಔಷಧಿ ಹೊಡೆದ ದಿನ, ಹಸು ಕಟ್ಟಿದ ದಿನ ಎಲ್ಲವೂ ಅದರ ಮನೆಗಳಲ್ಲೇ ಇರುತ್ತವೆ. ಸೆಪ್ಟೆಂಬರ್ 24ರ ಮನೆಯಲ್ಲಿ, ನವರಾತ್ರಿಯ ಮೂರನೇ ದಿನ, ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದಿತ್ತು: "ಹಾಲು 3. ಆಳು 2. ಬ್ಯಾಂಕ್ ಕವರ್ ಪೋಸ್ಟ್." ನಾವು ನೋಡುತ್ತಿದ್ದುದು ಅಕ್ಟೋಬರ್ 19ರ ರಾತ್ರಿ. ಇಪ್ಪತ್ತೈದು ದಿನ ಕಳೆದಿತ್ತು. ಮರುದಿನ ಚತುರ್ದಶಿಯ ರಜೆ. 21ರ ಅಮಾವಾಸ್ಯೆ ದಿನ ಬ್ಯಾಂಕು ತೆರೆದಿರುತ್ತದೆ. 22 ಪಾಡ್ಯ, ಮತ್ತೆ ರಜೆ. ಅಂದರೆ 21ಕ್ಕೇ ಹೋಗುವುದು ಕ್ಷೇಮ.

ನಡುವೆ ಸಿಕ್ಕ ಆ ಒಂದು ದಿನ ಅಭ್ಯಂಜನ, ಹಬ್ಬದೂಟ ಮುಗಿಸಿ ನಾವು ಅಂಗಳದಲ್ಲೇ ಕೂತೆವು. ನಾನು ಅಡಿಕೆ ಸುಲಿಯುವುದನ್ನು ಮರೆತು ವರ್ಷಗಳಾಗಿವೆ, ಸುಮ್ಮನೆ ಗೋಟು ಆರಿಸುತ್ತಿದ್ದೆ. ಅಪ್ಪಯ್ಯ ಒಂದೊಂದೇ ಪದ ಕೇಳತೊಡಗಿದರು.

ಲಾಕ್-ಇನ್ ಅಂದರೆ ಏನು ಅಂತ ವಿವರಿಸಲು ನಾನು ಬಾಯಿ ತೆರೆಯುವ ಮೊದಲೇ ಅವರೇ ಅಂದರು, "ಸಸಿ ನೆಟ್ಟ ಹಾಗೆ. ಆರೇಳು ವರ್ಷ ಫಸಲು ಕೇಳಬಾರದು." ಹೌದು, ಆದರೆ ಸಸಿ ನೆಡುವವನಿಗೆ ಅದು ಮೊದಲೇ ಗೊತ್ತಿರುತ್ತದೆ.

ಎನ್‌ಎವಿ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಯೂಲಿಪ್ಪಿಗೂ ಮ್ಯೂಚುವಲ್ ಫಂಡಿಗೂ ಹಾಕಿದ ದುಡ್ಡು ಯೂನಿಟ್ ಆಗಿ ಬದಲಾಗುತ್ತದೆ, ಒಂದು ಯೂನಿಟ್ಟಿನ ಆ ದಿನದ ಬೆಲೆಯೇ ಎನ್‌ಎವಿ. ನಾನೂ ಮೊದಲು ಇಲ್ಲೇ ಎಡವಿದ್ದೆ. ಹೊಸ ಫಂಡಿನ ಯೂನಿಟ್ 10 ರೂಪಾಯಿಗೆ ಸಿಗುತ್ತದೆ, ಹಳೆಯದು 500 ರೂಪಾಯಿ, ಹಾಗಾಗಿ ಹೊಸದು ಅಗ್ಗ ಅಂದುಕೊಂಡು ಹೊಸದಕ್ಕೇ ಹಾಕಿದ್ದೆ. ಲೆಕ್ಕ ಹಾಗಲ್ಲ. 5,000 ರೂಪಾಯಿಗೆ ಒಂದರಲ್ಲಿ 500 ಯೂನಿಟ್, ಇನ್ನೊಂದರಲ್ಲಿ 10 ಯೂನಿಟ್. ಎರಡೂ ಶೇ 10 ಏರಿದರೆ ಎರಡೂ ಕಡೆ 5,500 ರೂಪಾಯಿಯೇ. ಅಪ್ಪಯ್ಯ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು ಯೋಚಿಸಿ, "ಅಡಿಕೆ ಲೆಕ್ಕ ಮಾಡಿ ಮಾರಲ್ಲ, ತೂಕ ಮಾಡಿ ಮಾರ್ತೀವಿ" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಹಳೆಯ ಎಫ್‌ಡಿಯ ಒಂದು ಸಂಶಯ ಹೊರಬಂತು. ಒಂದು ಕಡೆ ಬಡ್ಡಿ ಶೇ 7 ಅಂತ ಬರೆದಿತ್ತಂತೆ, ಇನ್ನೊಂದು ಕಡೆ ಯೀಲ್ಡ್ 8.3 ಅಂತ. ಯಾವುದು ನಿಜ? ಎರಡೂ ನಿಜ. ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾ ಹೋದರೆ 3 ಲಕ್ಷ ಐದು ವರ್ಷಕ್ಕೆ ಸುಮಾರು 4.24 ಲಕ್ಷ ಆಗುತ್ತದೆ. ಹೆಚ್ಚಿಗೆ ಬಂದ ಆ 1.24 ಲಕ್ಷವನ್ನು ಐದರಿಂದ ಭಾಗಿಸಿ, ಅದು ಮೂರು ಲಕ್ಷದ ಶೇಕಡಾ ಎಷ್ಟು ಅಂತ ನೋಡಿ, ವರ್ಷಕ್ಕೆ 8.3 ಅಂತ ತೋರಿಸುತ್ತಾರೆ. ಆದರೆ ಬೇರೆ ಬ್ಯಾಂಕಿನ ಶೇ 7.25ರ ಪಕ್ಕದಲ್ಲಿ ಈ 8.3 ಇಟ್ಟು ನೋಡಿದರೆ ಮೋಸ ಹೋಗುತ್ತೇವೆ. ದರವನ್ನು ದರದ ಪಕ್ಕದಲ್ಲಿಟ್ಟೇ ನೋಡಬೇಕು. ಚಕ್ರಬಡ್ಡಿ ಅಪ್ಪಯ್ಯನಿಗೆ ಹೊಸದೇನಲ್ಲ, ಸಾಲದ ಕಡೆಯಿಂದ ಚೆನ್ನಾಗಿಯೇ ಗೊತ್ತು. ತನ್ನ ಕಡೆಗೂ ಅದು ಹೀಗೆ ಬೆಳೆಯುತ್ತದೆ ಅಂತ ಪೆನ್ಸಿಲ್ಲಿನಲ್ಲಿ ಗುಣಿಸಿ ನೋಡಿದ್ದು ಅವತ್ತೇ.

ಸಂಜೆ ಚಿಕ್ಕಪ್ಪನ ಮಗ ಬಂದ. ಶಿವಮೊಗ್ಗದಲ್ಲಿ ಕೆಲಸ, ಎರಡು ವರ್ಷದಿಂದ ಫೋನಿನಲ್ಲೇ ಟ್ರೇಡಿಂಗ್. ನಮ್ಮ ಮಾತು ಕೇಳಿಸಿಕೊಂಡು, "ದೊಡ್ಡಪ್ಪ, ನಾನೂ ಪ್ರೀಮಿಯಂ ಕಟ್ತೀನಿ, ಆಪ್ಷನ್ನಿಗೆ" ಅಂದ. ಅಪ್ಪಯ್ಯ ಗಲಿಬಿಲಿಯಾಗಿ ನನ್ನ ಮುಖ ನೋಡಿದರು. ನ್ಯಾಯವೇ. ಒಂದೇ ಪದ, ಎರಡು ಕಡೆ ಎರಡು ಅರ್ಥ. ವಿಮೆಯಲ್ಲಿ ಅದು ರಕ್ಷಣೆಗೆ ಕಟ್ಟುವ ಕಂತು. ಆಪ್ಷನ್ನಿನಲ್ಲಿ ಅದು ಒಂದು ಹಕ್ಕಿನ ಬೆಲೆ: ಇಂಥ ದಿನ ಇಂಥ ದರಕ್ಕೆ ಕೊಳ್ಳುವ ಅಥವಾ ಮಾರುವ ಹಕ್ಕು.

ತೋಟ ಚೇಣಿ ಕೊಡುವುದನ್ನು, ಅಂದರೆ ಫಸಲನ್ನು ಗುತ್ತಿಗೆಗೆ ಕೊಡುವುದನ್ನು, ನೆನಪಿಸಿದೆ. ಕೊಯ್ಲಿಗೆ ಮೊದಲೇ ಇಂತಿಷ್ಟು ದರ ಅಂತ ಇಬ್ಬರೂ ಒಪ್ಪಿಕೊಂಡು, ಆಮೇಲೆ ಪೇಟೆ ಏರಲಿ ಇಳಿಯಲಿ ಇಬ್ಬರೂ ಅದಕ್ಕೇ ಬದ್ಧರಾದರೆ ಅದು ಫ್ಯೂಚರ್ಸಿನ ಜಾತಿ. ಚೇಣಿದಾರ ಒಂದಿಷ್ಟು ಮುಂಗಡ ಕೊಟ್ಟು, "ದರ ಬಂದರೆ ಕೊಯ್ಯುತ್ತೇನೆ, ಬಾರದಿದ್ದರೆ ಮುಂಗಡ ನಿಮಗೇ ಇರಲಿ" ಅಂದರೆ ಅದು ಆಪ್ಷನ್ನು. ಆ ಮುಂಗಡವೇ ಪ್ರೀಮಿಯಂ. ದರ ಬಾರದಿದ್ದರೆ, ಗಡುವು ಹತ್ತಿರವಾದಂತೆ ಆ ಹಕ್ಕಿನ ಬೆಲೆ ಕರಗುತ್ತಾ ಹೋಗುತ್ತದೆ, ಗಡುವಿನ ದಿನ ಸೊನ್ನೆಯೂ ಆಗಬಹುದು.

"ಹಾಗಾರೆ ಎಷ್ಟು ಸಲ ಮುಂಗಡ ಹೋಗಿದೆ ನಿನ್ನದು?" ಅಂತ ಅಪ್ಪಯ್ಯ ನೇರವಾಗಿ ಕೇಳಿದರು. ಅವನು ಉತ್ತರ ಕೊಡಲಿಲ್ಲ. ಮೊತ್ತ ಎಷ್ಟೆಂದು ನಾನೂ ಒತ್ತಾಯಿಸಲಿಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷಗಳ ಲೆಕ್ಕವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತೆಗೆದು ಪ್ರಕಟಿಸಿದೆ. ಫ್ಯೂಚರ್ಸ್ ಮತ್ತು ಆಪ್ಷನ್ಸಿನಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೀರಿ. ಇದನ್ನು ಅವನಿಗೆ ಮೆಲ್ಲಗೆ ಹೇಳಿದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಚಿಂತೆ ಇದೆ. ಪದಗಳೆಲ್ಲ ಅವನಿಗೆ ಬಾಯಿಪಾಠ. ಸ್ಟಾಪ್ ಲಾಸ್, ಮಾರ್ಜಿನ್, ಸ್ಕ್ವೇರ್ ಆಫ್ ಅಂತ ಪಟಪಟ ಹೇಳುತ್ತಾನೆ. ಮಾರ್ಜಿನ್ ಅಂದರೆ ಕೈಯಲ್ಲಿರುವ ಸ್ವಲ್ಪ ದುಡ್ಡನ್ನು ಆಧಾರವಾಗಿಟ್ಟು ಅದರ ಹಲವು ಪಟ್ಟು ವ್ಯವಹಾರ ಮಾಡುವುದು, ಹಾಗಾಗಿ ನಷ್ಟವೂ ಆ ದೊಡ್ಡ ಮೊತ್ತದ ಲೆಕ್ಕದಲ್ಲೇ ಬರುತ್ತದೆ ಅನ್ನುವುದನ್ನು ಅವನು ಕಲಿತದ್ದು ದುಡ್ಡು ಹೋದ ಮೇಲೆ.

ಅವನ ಮ್ಯೂಚುವಲ್ ಫಂಡುಗಳನ್ನೂ ನೋಡಿದೆವು. ಐದು ಫಂಡು ಇಟ್ಟಿದ್ದ, ರಿಸ್ಕ್ ಹಂಚಿದ್ದೇನೆ ಅಂದ. ತೆರೆದು ನೋಡಿದರೆ ಐದರಲ್ಲೂ ಹೆಚ್ಚುಕಮ್ಮಿ ಅವೇ ದೊಡ್ಡ ಕಂಪನಿಗಳು. ಅಪ್ಪಯ್ಯ ತೋಟದ ಕಡೆ ಕೈ ತೋರಿಸಿದರು. ಅಡಿಕೆ ಮರಕ್ಕೇ ಮೆಣಸಿನ ಬಳ್ಳಿ, ನಡುವೆ ಬಾಳೆ, ಏಲಕ್ಕಿ. "ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತ ಹಾಕಿದ್ದು. ಆದ್ರೆ ಮಳೆ ಹಿಡಿದ್ರೆ ಅಡಿಕೆಗೆ ಕೊಳೆ, ಮೆಣಸಿಗೆ ಸೊರಗು, ಎರಡೂ ಒಟ್ಟಿಗೇ ಬರ್ತವೆ. ಅದಕ್ಕೇ ಸ್ವಲ್ಪ ದುಡ್ಡು ತೋಟದಿಂದ ಹೊರಗೆ ಇಡೋದು ನಾನು." ಆ ಹೊರಗೆ ಇಟ್ಟ ದುಡ್ಡೇ ಆ ಮೂರು ಲಕ್ಷ.

ಅಮಾವಾಸ್ಯೆಯ ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿನಲ್ಲಿದ್ದೆವು. ಪತ್ರವನ್ನು ರಾತ್ರಿಯೇ ಬರೆದಿಟ್ಟುಕೊಂಡಿದ್ದೆವು, ಎರಡು ಪ್ರತಿ. ಪಾಲಿಸಿ ಸಂಖ್ಯೆ, ಪತ್ರ ತಲುಪಿದ ದಿನ, ಎಫ್‌ಡಿ ಅಂತ ಹೇಳಿ ಮಾಡಿಸಿದ್ದು, ಹತ್ತು ವರ್ಷ ಕಟ್ಟುವ ಶಕ್ತಿ ಇಲ್ಲ, ಫ್ರೀ ಲುಕ್ ಅವಧಿಯಲ್ಲಿ ರದ್ದು ಮಾಡಿ ಅಂತ ಐದೇ ಸಾಲು. ಮೊದಲು, ಪಾಲಿಸಿ ಮಾಡಿಸಿದ ಅಧಿಕಾರಿ ರಜೆಯಲ್ಲಿದ್ದಾರೆ ಅಂದರು. ಆಮೇಲೆ, ಐದು ವರ್ಷ ಬಿಟ್ಟರೆ ಒಳ್ಳೆ ಲಾಭ ಬರುತ್ತೆ, ಈಗ ತೆಗೆದರೆ ನಷ್ಟ ಅಂದರು. ಇದು ಇನ್ಶೂರೆನ್ಸ್ ಕಂಪನಿಯವರ ವಿಷಯ, ಇಲ್ಲಿ ತೆಗೆದುಕೊಳ್ಳುವುದಿಲ್ಲ ಅಂತಲೂ ಅಂದರು. ನಾನು ಉತ್ತರ ಕೊಡಲು ಹೊರಟಾಗ ಅಪ್ಪಯ್ಯ ನನ್ನ ಕೈ ಒತ್ತಿ ತಡೆದರು.

"ಇವತ್ತಿಗೆ ಇಪ್ಪತ್ತೇಳು ದಿನ. ಫ್ರೀ ಲುಕ್ ಮೂವತ್ತು ದಿನ ಇದೆ. ಮಾಡಿಸಿದ್ದು ಇಲ್ಲೇ ಅಲ್ವಾ? ಸೀಲು ಹಾಕಿ ಒಂದು ಪ್ರತಿ ಕೊಡಿ, ಸಾಕು."

ಧ್ವನಿ ಏರಿಸಲಿಲ್ಲ. ಮಂಡಿಯಲ್ಲಿ ಪಟ್ಟಿ ಕೇಳುವಾಗಿನ ಧ್ವನಿಯೇ. ಅರ್ಧ ಗಂಟೆ ಕಾಯಿಸಿದರು, ಸೀಲು ಬಿತ್ತು, ತಾರೀಖೂ ಬಿತ್ತು. ಹೊರಗೆ ಬಂದವರೇ ಅದೇ ಪತ್ರದ ಫೋಟೊ ತೆಗೆದು ಕಂಪನಿಯ ಇ-ಮೇಲಿಗೂ ಕಳಿಸಿದೆವು.

ದುಡ್ಡು ನವೆಂಬರಿನಲ್ಲಿ ಖಾತೆಗೆ ಬಂತು, ಕೆಲವು ಸಾವಿರ ಕಡಿಮೆ. ಯಾವುದಕ್ಕೆ ಎಷ್ಟು ಮುರಿದಿದ್ದಾರೆ ಅಂತ ಅಪ್ಪಯ್ಯ ಫೋನಿನಲ್ಲೇ ಒಂದೊಂದಾಗಿ ಓದಿಸಿಕೊಂಡರು. ರಕ್ತ ಪರೀಕ್ಷೆಯ ಖರ್ಚು ಬಂದಾಗ ಒಂದು ಕ್ಷಣ ಸುಮ್ಮನಿದ್ದರು. ಕಡಿಮೆ ಬಿದ್ದದ್ದನ್ನು ಕೈಯಿಂದ ತುಂಬಿಸಿ, ಡಿಸೆಂಬರಿನಲ್ಲಿ ಅದೇ ಮೂರು ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರು. ಐದು ವರ್ಷ, ಶೇ 8.2, ಮೂರು ತಿಂಗಳಿಗೊಮ್ಮೆ 6,150 ರೂಪಾಯಿ ಬಡ್ಡಿ. ಸಹಿ ಹಾಕುವ ಮೊದಲು ಎರಡು ಸಲ ಫೋನ್ ಮಾಡಿದ್ದರು: ನಡುವೆ ತೆಗೆದರೆ ಎಷ್ಟು ಮುರೀತಾರೆ, ಬಡ್ಡಿಗೆ ತೆರಿಗೆ ಇದೆಯಾ ಅಂತ.

ಜನವರಿ ಮೊದಲ ವಾರ ಮತ್ತೆ ಫೋನ್ ಬಂತು. ಮೊದಲ ಬಡ್ಡಿ ಒಂದೂವರೆ ಸಾವಿರದ ಹತ್ತಿರ ಮಾತ್ರ ಬಂದಿದೆಯಂತೆ. ನನಗೆ ಎದೆ ಧಸಕ್ಕೆಂದಿತು. ನಾನು ಲೆಕ್ಕ ಹಾಕಲು ಕ್ಯಾಲ್ಕುಲೇಟರ್ ತೆಗೆಯುತ್ತಿದ್ದೆ.

"ಬೇಡ, ನಾನು ಹೋಗಿ ಕೇಳಿ ಬಂದೆ" ಅಂದರು ಅಪ್ಪಯ್ಯ. "ನಾವು ಹಾಕಿದ ದಿನದಿಂದ ಡಿಸೆಂಬರ್ ಮೂವತ್ತೊಂದರ ತನಕದ್ದು ಮಾತ್ರ ಇದು. ಏಪ್ರಿಲಲ್ಲಿ ಪೂರ್ತಿ ಬರುತ್ತೆ. ಕ್ಯಾಲೆಂಡರಲ್ಲಿ ಬರೆದಿಟ್ಟಿದೀನಿ."