ಸೂಳೆಕೆರೆ ಎರೆಹುಳ ಸಮುದ್ರಕ್ಕೆ ನಡಿಯಲ್ಲ ನೋಡ್ರಿ

ನಮ್ ದಾವಣಗೆರೆ ಕಡೆ ಮೀನು ಹಿಡಿಯೋದು ಅಂದ್ರೆ ಸೂಳೆಕೆರೆ, ಭದ್ರಾ ಚಾನೆಲ್ಲು, ಅಷ್ಟೇ. ತೋಟದಾಗ ತೇವ ಇರೋ ಕಡೆ ಗುದ್ಲಿ ಹಾಕಿದ್ರೆ ಡಬ್ಬಿ ತುಂಬಾ ಎರೆಹುಳ. ಅದೇ ಧೈರ್ಯದಾಗ ಹುಲಿಕಲ್ ಘಾಟ್ ಇಳ್ದು ಮರವಂತೆಗೆ ಹೋದ್ವಿ, ಹುಳ ಉಪ್ಪುನೀರಿಗೆ ಬಿದ್ದಿದ್ದೇ ತಡ ಸತ್ತು ಮೆತ್ತಗಾಗಿ ಅಲೆ ಹೊಡ್ತಕ್ಕೆ ಗಾಳದಿಂದ ಕಳಚ್ಕೊಂಡು ಹೋಗೋದು, ಬೆಳಗ್ಗೆಯೆಲ್ಲಾ ಇದೇ ಕತೆ.

ದಡದಾಗ ಬಲೆ ಸರಿಮಾಡ್ತಿದ್ದ ಒಬ್ರು ಅಜ್ಜ ನೋಡಿ ನಕ್ಕು, "ಎಂಥ ಮಾರಾಯ್ರೆ, ಸಿಗಡಿ ಹಾಕಿ" ಅಂದ್ರು. ಸಿಗಡಿನೂ ಮೆತ್ತಗೇ, ಅದಕ್ಕೆ ತೆಳ್ಳನೆ ದಾರ ಸುತ್ಬೇಕಂತೆ. ಬೂತಾಯಿ ಮೀನು ಆದ್ರೆ ತುಂಡು ಮಾಡಿ ರಾತ್ರಿನೇ ಕಲ್ಲುಪ್ಪು ಹಾಕಿಟ್ರೆ ಗಟ್ಟಿ ಆಗತ್ತೆ. ಇಳಿತ ಇದ್ದಾಗ ಒದ್ದೆ ಮರಳು ಕೆದಕಿದ್ರೆ ಸಣ್ಣ ಏಡಿನೂ ಸಿಗ್ತಾವೆ, ದುಡ್ಡಿಲ್ದ ಎರೆ!

ಗಾಳಿ, ಅಲೆದೇ ದೊಡ್ಡ ತಲೆನೋವು. ಕೆರೆಗೆ ಹಾಕೋ ಸಣ್ಣ ಸೀಸದ ಗುಂಡು ಇಲ್ಲಿ ಉರುಳ್ಕೊಂಡು ವಾಪಸ್ ಕಾಲ ಹತ್ರನೇ ಬರತ್ತೆ, ಭಾರದ್ದೇ ಬೇಕು. ಉಬ್ಬರದ ಟೈಮು ದಿನಾ ಸುಮಾರು 50 ನಿಮಿಷ ಮುಂದೆ ಹೋಗತ್ತೆ, ಅಮಾಸೆ ಹುಣ್ಣಿಮೆಗೆ ನೀರು ಜಾಸ್ತಿನೇ ಏರತ್ತೆ, ನಮ್ ಬ್ಯಾಗು ಚಪ್ಲಿ ಎರಡೂ ತೇಲಿದ್ವು.

ಇನ್ನೊಂದು, ಅಲೆ ಒಡೀದೆ ತಣ್ಣಗೆ ಕಾಣೋ ಜಾಗ ಇರತ್ತಲ್ಲ, ಅಲ್ಲಿ ಮಾತ್ರ ಇಳೀಬ್ಯಾಡ್ರಿ, ನೀರು ಒಳಗೆ ಎಳ್ಕೊಂಡು ಹೋಗೋದು ಅಲ್ಲೇ. ಗಾಳ ಬೇಕಾದ್ರೆ ದಡದಿಂದ ಅಲ್ಲಿಗೇ ಎಸೀರಿ, ಆಳ ಇರೋದ್ರಿಂದ ಮೀನು ಓಡಾಡ್ತಾವೆ. ನಮಗೆ ಸಿಕ್ಕಿದ್ದು ಅಲ್ಲೇ, ಅಂಗೈ ಉದ್ದದ್ದು ಒಂದು.