ಡ್ಯೂಟಿ ರೂಮಿನ ಮಾತು

ತಿಳಿವಳಿಕೆ ಇಲ್ಲದವರು ಮಾತ್ರ ಆತಂಕದಂಥ ಮನಸ್ಸಿನ ತೊಂದರೆಗೆ ಡಾಕ್ಟರ ಹತ್ತಿರ ಹೋಗಲ್ಲ ಅಂತ ತುಂಬಾ ಜನ ನಂಬಿದ್ದಾರೆ. ನಾನು ಕೊಡಗಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನನ್ನ ಸುತ್ತ ಇರುವವರಿಗೆಲ್ಲ ತಿಳಿವಳಿಕೆ ಇದೆ, ಟ್ರೈನಿಂಗ್ ಆಗಿದೆ, ಗೋಡೆ ಮೇಲೆ ಪೋಸ್ಟರ್ ಕೂಡ ಇದೆ. ಆದರೂ ನಾವು ಯಾರೂ ಹೋಗಲ್ಲ. ನರ್ಸುಗಳೂ ಹೋಗಲ್ಲ, ಆಶಾ ಕಾರ್ಯಕರ್ತೆಯರೂ ಹೋಗಲ್ಲ.

ಯಾಕೆ ಅಂತ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಇಂಥ ರೋಗಿಗಳ ಬಗ್ಗೆ ಡ್ಯೂಟಿ ರೂಮಿನಲ್ಲಿ ನಾವೇ ಏನು ಮಾತಾಡುತ್ತೇವೆ ಅನ್ನೋದು ನಮಗೆ ಚೆನ್ನಾಗಿ ಗೊತ್ತು.

ರಾತ್ರಿ ಒಬ್ಬ ಕಾಲೇಜು ಹುಡುಗಿಯನ್ನು ಜೀಪಿನಲ್ಲಿ ಕರೆತರುತ್ತಾರೆ. ಉಸಿರು ಜೋರು, ಬೆರಳು ಸೆಟೆದುಕೊಂಡಿವೆ, ಕೈ ಜೋಮು, ಸತ್ತೇ ಹೋಗ್ತೀನಿ ಅಂತ ಅಳು. ಬಿಪಿ, ಶುಗರ್, ಇಸಿಜಿ ಎಲ್ಲ ನಾರ್ಮಲ್. ಯಾರೋ ಒಬ್ಬರು ಒಳಗೆ ಬಂದು "ಏನಿಲ್ಲ, ಫಂಕ್ಷನಲ್" ಅನ್ನುತ್ತಾರೆ, ಅಂದರೆ ದೇಹದಲ್ಲಿ ರೋಗ ಏನೂ ಕಾಣ್ತಿಲ್ಲ ಅಂತ. ಇನ್ನೊಬ್ಬರು "ಮನೇಲಿ ಜಗಳ ಆಗಿರುತ್ತೆ, ಸುಮ್ನೆ ನಾಟಕ" ಅನ್ನುತ್ತಾರೆ. ಆ ಹುಡುಗಿ ನಾಟಕ ಮಾಡುತ್ತಿಲ್ಲ. ಗಾಬರಿಯಲ್ಲಿ ಉಸಿರು ಜೋರಾದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತೆ, ಅದಕ್ಕೇ ಜೋಮು, ಅದಕ್ಕೇ ಬೆರಳು ಸೆಟೆಯುವುದು. ಇದನ್ನು ನಾವೆಲ್ಲ ಓದಿ ಪಾಸಾಗಿದ್ದೇವೆ. ಈಗ ಅದೇ ರೂಮಿನ ಮೂಲೆಯಲ್ಲಿ ಚಾರ್ಟ್ ಬರೆಯುತ್ತಾ ಕೂತಿರುವ ಸಿಸ್ಟರ್‌ಗೂ ನೈಟ್ ಡ್ಯೂಟಿಗೆ ಹೊರಡುವಾಗೆಲ್ಲ ಎದೆ ಡವಡವ ಅನ್ನುತ್ತಿದ್ದರೆ ಅವಳು ಬಾಯಿ ಬಿಡುತ್ತಾಳಾ? ನಾಳೆ ತನ್ನ ಬಗ್ಗೆಯೂ ಇದೇ ಮಾತು ಬರುತ್ತೆ ಅಂತ ಅವಳಿಗೆ ಗೊತ್ತಲ್ವಾ.

ಆಶಾ ಅಕ್ಕಂದಿರ ಕಥೆ ಇನ್ನೂ ಕಷ್ಟ. ಸಾವಿರ ಜನಕ್ಕೆ ಒಬ್ಬರು ಅನ್ನುವುದು ಲೆಕ್ಕ. ಬಯಲುಸೀಮೆಯಲ್ಲಿ ಸಾವಿರ ಜನ ಒಂದೇ ಊರಲ್ಲಿ ಸಿಗಬಹುದು. ಇಲ್ಲಿ ಆ ಸಾವಿರ ಜನ ತೋಟಗಳು, ತೋಟದ ಕಾರ್ಮಿಕರ ಲೈನ್ ಮನೆಗಳು, ಆದಿವಾಸಿಗಳ ಹಾಡಿಗಳಲ್ಲಿ ಚದುರಿಹೋಗಿದ್ದಾರೆ. ಆನೆ ಇದೆ ಅಂದರೂ ತೋಟದೊಳಗೇ ನಡೆದು ಹೋಗಬೇಕು. ನೆಟ್‌ವರ್ಕ್ ಸಿಗುವ ತಿರುವಿಗೆ ಬಂದು ಆ್ಯಪ್‌ನಲ್ಲಿ ಎಂಟ್ರಿ ಮಾಡಬೇಕು. ಕೈಗೆ ಸಿಗುವುದು ಸಂಬಳ ಅಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಾಗ ಎಲ್ಲರಿಗೂ ಖುಷಿಯಾಗಿತ್ತು, ನಿಜವಾಗಿಯೂ ಆಗಿತ್ತು. ಆದರೆ ರಾತ್ರಿ ನಿದ್ದೆ ಬರ್ತಿದ್ಯಾ ಅಂತ ಅವರನ್ನು ಯಾರು ಕೇಳಿದರು?

ನಮ್ಮ ಕಡೆಯ ಒಬ್ಬ ಆಶಾ ಅಕ್ಕ ಬಂದು "ಸಿಸ್ಟರ್, ಗ್ಯಾಸ್ಟ್ರಿಕ್‌ಗೆ ಮಾತ್ರೆ ಕೊಡಿ" ಅಂದರು. ಇದೇ ಮಾತ್ರೆಯನ್ನು ಮೊದಲೂ ತೆಗೆದುಕೊಂಡು ಹೋಗಿದ್ದರು. "ಎದೆ ಹಿಡಿದ ಹಾಗೆ ಆಗೋದು ಊಟ ಆದ್ಮೇಲಾ ಅಕ್ಕ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಫೋನ್ ಬಂದ್ರೆ ಆಗುತ್ತೆ" ಅಂದರು. ಮಾತಾಡುವಾಗಲೂ ಫೋನನ್ನು ಕೈಯಲ್ಲೇ ಬಿಗಿಯಾಗಿ ಹಿಡಿದಿದ್ದರು. ಹೆರಿಗೆ ದಿನ ಹತ್ತಿರ ಇರುವ ಇಬ್ಬರು ಅವರ ಪಟ್ಟಿಯಲ್ಲಿದ್ದರು, ಹೊರಗೆ ಕಕ್ಕಡದ (ಜುಲೈ-ಆಗಸ್ಟ್) ಮಳೆ.

ಕೊಡಗಿನಲ್ಲಿ ಮಳೆಯ ಸದ್ದು ಮೊದಲಿನ ಹಾಗೆ ಕೇಳಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಪರಿಹಾರ ಕೇಂದ್ರಗಳಲ್ಲಿ ಬಿಪಿ ನೋಡಿ, ಮಾತ್ರೆ ಕೊಟ್ಟು, ಧೈರ್ಯ ಹೇಳಿದವರಲ್ಲಿ ಎಷ್ಟೋ ಜನರ ಸ್ವಂತ ಮನೆಯೂ ಬೆಟ್ಟದ ಬುಡದಲ್ಲೇ ಇದ್ದವು. ಈಗ ರೆಡ್ ಅಲರ್ಟ್ ಅಂತ ಮೆಸೇಜ್ ಬಂದರೆ ಶಾಲೆಗೆ ರಜೆ ಸಿಗುತ್ತೆ, ನಮಗೆ ಡ್ಯೂಟಿ ಜಾಸ್ತಿಯಾಗುತ್ತೆ.

ಇನ್ನೊಂದು ಅಡ್ಡಿ ನಮ್ಮ ಜಿಲ್ಲೆ ಚಿಕ್ಕದು ಅನ್ನೋದು. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮನೋರೋಗ ವಿಭಾಗದ ಬಾಗಿಲಲ್ಲಿ ಚೀಟಿ ಹಿಡಿದು ಕೂತರೆ ಸಂಜೆಯೊಳಗೆ ಅತ್ತೆ ಮನೆಗೆ ಸುದ್ದಿ ಮುಟ್ಟಿರುತ್ತೆ. ಮದುವೆಯಾಗದ ಹುಡುಗಿಯರ ಭಯವಂತೂ ಕೇಳೋದೇ ಬೇಡ. ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿಬರೋಣ ಅಂದರೆ ರಜೆ ಬೇಕು, ರಜೆಗೆ ಕಾರಣ ಹೇಳಬೇಕು. ರೋಗಿಯ ವಿಷಯ ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತೆ, 23ನೇ ಸೆಕ್ಷನ್. ಸಿಬ್ಬಂದಿಯೇ ರೋಗಿಯಾದಾಗಲೂ ಅದು ಅಷ್ಟೇ ಅನ್ವಯ. ಯಾರ ಫೈಲಿನಲ್ಲಿ ಏನಿದೆ ಅಂತ ಊಟದ ಹೊತ್ತಲ್ಲಿ ಮಾತಾಡುವಂತಿಲ್ಲ.

ಹೀಗೆ ಬಾಗಿಲು ಮುಚ್ಚಿಕೊಂಡಾಗ ನಡೆಯುವ ಒಂದು ಕೆಲಸ ನನಗೆ ತುಂಬಾ ಭಯ ಹುಟ್ಟಿಸುತ್ತೆ. ಔಷಧಿಯ ಹೆಸರು ನಮಗೆ ಗೊತ್ತು, ಕೈಗೆ ಸಿಗುವುದೂ ಸುಲಭ. ನಿದ್ದೆಗೆ ಅಂತ ಆಲ್ಪ್ರಜೋಲಾಮ್ ಅರ್ಧ ಮಾತ್ರೆಯಲ್ಲಿ ಶುರುವಾಗುತ್ತೆ. ಅದು ತಕ್ಷಣ ಹಿತ ಕೊಡುತ್ತೆ, ಅದಕ್ಕೇ ಅಭ್ಯಾಸವೂ ಆಗುತ್ತೆ, ಆಮೇಲೆ ಒಮ್ಮೆಲೇ ಬಿಟ್ಟರೆ ಅಪಾಯ. ಆತಂಕಕ್ಕೆ ಡಾಕ್ಟರು ಸಾಮಾನ್ಯವಾಗಿ ಬರೆಯುವ ಎಸ್ಎಸ್ಆರ್‌ಐ ಮಾತ್ರೆಗಳು ಬೇರೆ. ಕೆಲಸ ಮಾಡಲು ಕೆಲವು ವಾರ ಬೇಕು, ಆದರೆ ಈ ಥರ ಚಟ ಹತ್ತುವುದಿಲ್ಲ. ಅವನ್ನೂ ನಿಲ್ಲಿಸುವಾಗ ಡಾಕ್ಟರನ್ನು ಕೇಳಿ ನಿಧಾನವಾಗಿ ಕಡಿಮೆ ಮಾಡಬೇಕು. ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಿಕೊಳ್ಳಿ, ಎದೆಬಡಿತಕ್ಕೆ ಅವೂ ಕಾರಣ ಇರಬಹುದು. ಮತ್ತೆ ಕಾಫಿ. ಕಾಫಿ ನಾಡಿನವಳಾಗಿ ಹೇಳಲು ಬೇಜಾರು, ಆದರೆ ನೈಟ್ ಡ್ಯೂಟಿಯಲ್ಲಿ ಫ್ಲಾಸ್ಕ್ ಖಾಲಿ ಮಾಡಿದರೆ ಡವಡವ ಖಂಡಿತ ಜಾಸ್ತಿಯಾಗುತ್ತೆ.

ನಿಮಗೇ ಅನುಮಾನ ಇದ್ದರೆ ಆತಂಕ ಎಷ್ಟಿದೆ ಅಂತ ನೋಡಲು ಜಿಎಡಿ-7 ಅನ್ನುವ ಪ್ರಶ್ನೆಪಟ್ಟಿ ಇದೆ. ಹಿಂದಿನ ಎರಡು ವಾರದ ಬಗ್ಗೆ 7 ಪ್ರಶ್ನೆ, ಒಟ್ಟು 21 ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಜ್ಞರನ್ನು ನೋಡಬೇಕು. ಯಾರ ಕಣ್ಣಿಗೂ ಬೀಳದೆ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಿಂದ ಇದೆ. ಈ ನಂಬರನ್ನು ನಾವು ದಿನಾ ಊರವರಿಗೆ ಹೇಳುತ್ತೇವೆ, ನಮಗಾಗಿ ಒತ್ತುವುದಿಲ್ಲ.

ಫೋನ್ ನಂಬರ್ ಕೊಟ್ಟ ಮಾತ್ರಕ್ಕೆ ಮೇಲಿನವರ ಜವಾಬ್ದಾರಿ ಮುಗಿಯಲ್ಲ. ಹೆರಿಗೆ ಹೊತ್ತಲ್ಲಿ ಒಬ್ಬ ತಾಯಿ ತೀರಿಕೊಂಡರೆ ವಿಮರ್ಶೆ ನಡೆಯುತ್ತೆ. ನಡೆಯಲೇಬೇಕು. ಎಷ್ಟು ಗಂಟೆಗೆ ಫೋನ್ ಬಂತು, ಆಂಬುಲೆನ್ಸ್ ಯಾವಾಗ ಬಂತು, ತಾಯಿ ಕಾರ್ಡಿನಲ್ಲಿ ಏನು ಬರೆದಿದೆ, ಎಲ್ಲ ಕೇಳುತ್ತಾರೆ. ಆ ತಾಯಿಯ ಕೈ ಹಿಡಿದುಕೊಂಡು ಆಂಬುಲೆನ್ಸಿನಲ್ಲಿ ಬಂದ ಆಶಾ ಅಕ್ಕ ಮಾರನೇ ದಿನ ಬೆಳಗ್ಗೆ ಮತ್ತೆ ಮನೆ ಭೇಟಿಗೆ ಹೊರಟಿರುತ್ತಾಳೆ. ಅವಳಿಗೆ ಒಂದೆರಡು ದಿನ ಬಿಡುವು ಕೊಟ್ಟು, ತಪ್ಪು ಹುಡುಕದ ಒಬ್ಬರ ಹತ್ತಿರ ಕೂತು ಮಾತಾಡಲು ಅವಕಾಶ ಮಾಡಿಕೊಡುವುದು ಅಷ್ಟು ಕಷ್ಟವಾ?

ನಮ್ಮ ತಿಂಗಳ ಸಭೆಯಲ್ಲಿ ನಾನು ಒಂದು ವಿಷಯ ಎತ್ತಬೇಕು ಅಂತಿದ್ದೇನೆ. ಜುಲೈ, ಆಗಸ್ಟ್ ಎರಡು ತಿಂಗಳಾದರೂ ಅಕ್ಕಪಕ್ಕದ ಆಶಾ ಅಕ್ಕಂದಿರು ರಾತ್ರಿ ಕರೆಗಳನ್ನು ಸರದಿಯಂತೆ ಹಂಚಿಕೊಳ್ಳಲಿ, ಸರದಿ ಇಲ್ಲದವರು ಫೋನ್ ಆಫ್ ಮಾಡಿ ಮಲಗಲಿ, ಅದಕ್ಕೆ ಯಾರೂ ನೋಟಿಸ್ ಕೊಡಬಾರದು. ನಿಮ್ಮ ಕಡೆ ಇಂಥ ವ್ಯವಸ್ಥೆ ಈಗಾಗಲೇ ಇದ್ದರೆ ಹೇಗೆ ಮಾಡಿದಿರಿ ಅಂತ ಬರೆಯಿರಿ, ಸಭೆಗೆ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗುತ್ತೇನೆ.